ಜ್ವರ ಬಂದವರೆಲ್ಲ ಘಾಟಿಗೆ

ಹೊಲಿಗೆ ಫ್ಯಾಕ್ಟರಿಯಲ್ಲಿ ಒಬ್ಬಳು ಸೀನಿದರೆ ವಾರದೊಳಗೆ ಇಪ್ಪತ್ತು ಜನ ಸೀನುತ್ತಾರೆ. ಆದರೂ ಮೊದಲು ಸೀನಿದವಳನ್ನು ಮನೆಗೆ ಕಳಿಸುವ ಬುದ್ಧಿ ಯಾರಿಗೂ ಬರುವುದಿಲ್ಲ. ಅದಕ್ಕೇ ನಾನೀಗ ಹೇಳುವಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ. ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿಗೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು. ಈಗ ನಲವತ್ತು ಮಿಷನ್ನಿನ ಲೈನಿಗೆ ಸೂಪರ್‌ವೈಸರ್. ಯಾರ ಶಿಫಾರಸೂ ಇರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದಿ ಓದಿ ಅಕ್ಷರ ಕೂಡಿಸಿಕೊಂಡೆ.

ಹರಕೆ

ಒಂದು ಸಲ ಹೀಗೇ ಜ್ವರ ಹಬ್ಬಿದಾಗ ಮೊದಲು ಬಂದದ್ದು ನಮ್ಮ ಲೈನಿನಲ್ಲಿ ಕಾಲರ್ ಕೂರಿಸುವವಳಿಗೆ. ಮ್ಯಾನೇಜರ್ ಹತ್ತಿರ ಹೋಗಿ ರಜ ಕೇಳಿದಳು.

"ಜ್ವರಾನಾ? ಮಾತ್ರೆ ನುಂಗಿ ಕೂತ್ಕೋ. ಶಿಪ್‌ಮೆಂಟ್ ಇದೆ."

ಅವಳ ಹಿಂದೆಯೇ ಗುಂಡಿ ಹಾಕುವವಳು ನಿಂತಿದ್ದಳು. ಅವಳಿಗೂ ಜ್ವರ. ಈ ಮಾತು ಕೇಳಿಸಿಕೊಂಡು ಅಲ್ಲೇ ವರಸೆ ಬದಲಾಯಿಸಿದಳು. "ಸಾರ್, ನಾಳೆ ಘಾಟಿಗೆ ಹೋಗ್ಬೇಕು. ಹರಕೆ ಇದೆ."

ಮ್ಯಾನೇಜರ್ ಕೂತಲ್ಲೇ ಕೈ ಮುಗಿದರು. "ಸುಬ್ರಹ್ಮಣ್ಯ ಸ್ವಾಮಿ ವಿಷಯ, ಬೇಡ ಅನ್ನೋಕಾಗಲ್ಲ. ಹೋಗ್ಬಾ ತಾಯಿ. ಪ್ರಸಾದ ಮರೀಬೇಡ."

ಅವಳು ಎರಡು ದಿನ ಮನೆಯಲ್ಲಿ ಹೊದ್ದು ಮಲಗಿದಳು. ಮೂರನೇ ದಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಕಡ್ಲೆಪುರಿ ಕಟ್ಟಿಸಿಕೊಂಡು, ಮೇಲೊಂದು ಹೂ ಇಟ್ಟು ತಂದಳು. ಮ್ಯಾನೇಜರ್ ಕಣ್ಣಿಗೊತ್ತಿಕೊಂಡು ತಿಂದರು.

ಆ ತಿಂಗಳು ನಮ್ಮ ಲೈನಿನ ಹನ್ನೊಂದು ಜನ ಘಾಟಿಗೆ ಹೋಗಿ ಬಂದರು. ಒಬ್ಬಳೂ ಬಸ್ ಹತ್ತಿರಲಿಲ್ಲ.

ಹಣೆಗೆ ಗನ್

ಸುಳ್ಳು ಹೇಳಲು ಮನಸ್ಸಿಲ್ಲದವರು ನರ್ಸ್ ಹತ್ತಿರ ಹೋಗಬೇಕು. ನರ್ಸ್ ಹಣೆಗೆ ಜ್ವರದ ಗನ್ ಹಿಡಿಯುತ್ತಾರೆ. ನೂರು ದಾಟಿದರೆ ಅರ್ಧ ದಿನ ರಜ. ಇಸ್ತ್ರಿ ಮಾಡುವವಳಿಗೆ ನಾಲ್ಕು ದಿನದಿಂದ ಸೊಂಟ ಹಿಡಿದುಕೊಂಡಿತ್ತು. ಸೊಂಟದ ನೋವು ಗನ್ನಿಗೆ ಕಾಣುವುದಿಲ್ಲವಲ್ಲ. ಆಗಷ್ಟೇ ಇಸ್ತ್ರಿಯಾದ ಶರ್ಟನ್ನು ಹಣೆಗೆ ಒತ್ತಿಕೊಂಡು ಹೋಗಿ ನಿಂತಳು.

ನರ್ಸ್ ಗನ್ ನೋಡಿದರು, ಅವಳನ್ನು ನೋಡಿದರು. "ನೂರಾ ಎಂಟು ತೋರಿಸ್ತಿದೆ ಕಣಮ್ಮ. ಇಷ್ಟಕ್ಕೆ ನೀನು ಪ್ರಜ್ಞೆ ತಪ್ಪಿ ಬಿದ್ದಿರಬೇಕಿತ್ತು."

"ರಜ ಕೊಡಿ ಸಿಸ್ಟರ್, ಮನೆಗೆ ಹೋಗಿ ಬೀಳ್ತೀನಿ."

ನನ್ನ ಕುಕ್ಕರ್

ಬೇರೆಯವರ ಕಥೆ ಹೇಳಿ ನನ್ನದು ಮುಚ್ಚಿಟ್ಟರೆ ನ್ಯಾಯವಲ್ಲ. ವರ್ಷವಿಡೀ ಒಂದೂ ರಜ ಹಾಕದವರಿಗೆ ನಮ್ಮಲ್ಲಿ ಕುಕ್ಕರ್ ಕೊಟ್ಟು, ಫೋಟೋ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಆ ವರ್ಷ ಮುಗಿಯಲು ಒಂದೇ ವಾರ ಬಾಕಿ ಇದ್ದಾಗ ನನಗೆ ಮದ್ರಾಸ್ ಐ ಬಂತು. ಬಿಡುವವಳಾ ನಾನು? ಕಪ್ಪು ಕನ್ನಡಕ ಹಾಕಿಕೊಂಡು ಲೈನಿಗೆ ನಿಂತೆ.

ನಾಲ್ಕನೇ ದಿನಕ್ಕೆ ಇಡೀ ಲೈನಿಗೆ ಕಪ್ಪು ಕನ್ನಡಕ. ಅವತ್ತೇ ಶರ್ಟ್ ಕೊಳ್ಳುವ ಫಾರಿನ್ ಕಂಪನಿಯವನು ನೋಡಲು ಬಂದ. ಇದೇನು ಎಂದು ಕೇಳಿದ. ಬಿಳಿ ಬಟ್ಟೆ ಕಣ್ಣಿಗೆ ಹೊಡೆಯಬಾರದೆಂದು ನಾವೇ ಕೊಟ್ಟಿದ್ದೇವೆ, ಸುರಕ್ಷತೆ ಎಂದರು ಮ್ಯಾನೇಜರ್. ಬಹಳ ಒಳ್ಳೆಯದು, ಉಳಿದ ಲೈನಿಗೂ ಕೊಡಿ ಎಂದು ಹೇಳಿ ಹೋದ. ಎರಡೇ ದಿನದಲ್ಲಿ, ಯಾರೂ ಕೊಡದೆಯೇ, ಅವರಿಗೂ ಬಂತು.

ನನಗೆ ಕುಕ್ಕರ್ ಸಿಕ್ಕಿತು. ಕಾಲರ್‌ನವಳ ಎಂಟು ತಿಂಗಳ ಕೂಸಿಗೂ ಅಂಟಿ, ಕಣ್ಣು ಊದಿಕೊಂಡು ಅದು ರಾತ್ರಿಯೆಲ್ಲ ಅತ್ತಿತಂತೆ. ಅವಳು ನನ್ನನ್ನು ಬಯ್ಯಲಿಲ್ಲ. ಬಾಬಿನ್‌ಗೆ ದಾರ ತುಂಬುತ್ತಾ, "ಕುಕ್ಕರ್ ಚೆನ್ನಾಗಿ ಕೂಗುತ್ತಾ ಅಕ್ಕಾ?" ಅಂದಳು, ಅಷ್ಟೇ.

ಆ ಕುಕ್ಕರಿನಲ್ಲಿ ಇವತ್ತಿನವರೆಗೆ ಅನ್ನ ಇಟ್ಟಿಲ್ಲ. ಅದರಲ್ಲಿ ರಾಗಿ ತುಂಬಿಸಿಟ್ಟಿದ್ದೇನೆ.

ಫೋಟೋದ ಹಿಂದೆ

ಇದು ಕಳೆದ ತಿಂಗಳದ್ದು. ಈ ಸಲ ಜ್ವರ ನನಗೇ ಬಂತು, ಕೆಮ್ಮಿನ ಸಮೇತ. ಕಾಲರ್‌ನವಳ ಮನೆಗೆ ಇನ್ನೊಮ್ಮೆ ನನ್ನ ಕಾಯಿಲೆ ಅಂಟಿಸಬಾರದು ಅಂದುಕೊಂಡೆ. ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ ಒಂದು ಮೂಲೆಯಲ್ಲಿ ಎದ್ದಿತ್ತು. ಅದರಡಿ ಇನ್ನೊಂದು ಕಾಗದದ ಅಚ್ಚಾದ ಅಕ್ಷರ ಕಂಡಿತು. ಅಕ್ಷರ ಕಂಡರೆ ಬಿಡುವ ಅಭ್ಯಾಸ ನನಗಿಲ್ಲ. ಫೋಟೋ ಕಿತ್ತು ಓದಿದೆ. ಕಾರ್ಮಿಕರಿಗೆ ಕಾಯಿಲೆ ರಜೆ ಉಂಟು ಎಂಬ ನಿಯಮ. ಅದರ ಮೇಲೆಯೇ ಕುಕ್ಕರ್ ಹಿಡಿದು ಹಲ್ಲು ಕಿರಿದಿದ್ದೆ ನಾನು.

ಅರ್ಜಿ ಬರೆದೆ. ಕಾರಣ: ಜ್ವರ.

ಮ್ಯಾನೇಜರ್ ಓದಿ, "ಘಾಟಿ ಅಂತ ಬರ್ಕೊಡಮ್ಮ, ಈಗ್ಲೇ ಸೈನ್ ಹಾಕ್ತೀನಿ" ಅಂದರು.

"ಜ್ವರ ಬಂದಿರೋದು ನನಗೆ ಸಾರ್. ಸ್ವಾಮಿಯನ್ನ ಯಾಕೆ ಎಳೀತೀರಿ?"

"ಹಠ ಮಾಡ್ಬೇಡ. ಹೀಗೆ ಹೋದ್ರೆ ನೀನು ಬರೋಷ್ಟರಲ್ಲಿ ಲೈನು ಬೇರೆಯವರ ಕೈಲಿರತ್ತೆ." ಅಷ್ಟು ಹೇಳಿ, ಅವತ್ತು ಯಾರೋ ತಂದುಕೊಟ್ಟ ಪ್ರಸಾದದಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

"ಇರಲಿ ಬಿಡಿ. ದಾರ ಕತ್ತರಿಸೋಕೆ ಇನ್ನೂ ಬರತ್ತೆ ನನಗೆ." ಅರ್ಜಿ ಮೇಜಿನ ಮೇಲಿಟ್ಟು ಹೊರಟೆ.

ಹಾಗಂದರೂ, ಮೂರು ದಿನವೂ ಜ್ವರಕ್ಕಿಂತ ಆ ಲೈನಿನ ಚಿಂತೆಗೇ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಹೋದರೆ ಮ್ಯಾನೇಜರ್ ಕುರ್ಚಿ ಖಾಲಿ. ನನ್ನ ಅರ್ಜಿ ಇಟ್ಟಲ್ಲೇ ಇತ್ತು. ಪಕ್ಕದಲ್ಲಿ ಅವರದೇ ಅರ್ಜಿ. ಕಾರಣ: ಘಾಟಿಯಲ್ಲಿ ಹರಕೆ.

ಎರಡು ದಿನ ಬಿಟ್ಟು ಬಂದರು. ಮೂಗು ಕೆಂಪಗೆ, ಗಂಟಲು ಕಟ್ಟಿಹೋಗಿದೆ. ನಾನು ಬಾಗಿಲಲ್ಲೇ ನಿಂತಿದ್ದೆ.

"ದರ್ಶನ ಚೆನ್ನಾಗಾಯ್ತಾ ಸಾರ್?"

ಅಂಗೈಯಿಂದ ಮೂಗು ಒರೆಸಿಕೊಂಡರು. "ಜ್ವರ ಅಂದ್ರೆ ನನಗೆ ಮಾತ್ರ ಯಾರಮ್ಮ ರಜ ಕೊಡ್ತಾರೆ?" ಎಂದು ಗೊಗ್ಗರು ದನಿಯಲ್ಲಿ ಹೇಳಿ, ನನ್ನ ಅರ್ಜಿ ಎಳೆದುಕೊಂಡು ಸೈನ್ ಹಾಕಿದರು. "ಹೋಗು, ನಿನ್ನ ಲೈನು ನೋಡ್ಕೋ."

"ಹೋಗ್ತೀನಿ. ಪ್ರಸಾದ ಎಲ್ಲಿ ಸಾರ್?"

ಮೂಗು ಒರೆಸಿದ ಕೈಯನ್ನೇ ಬ್ಯಾಗಿಗೆ ಹಾಕಿ ಒಂದು ಪೊಟ್ಟಣ ತೆಗೆದು ಕೊಟ್ಟರು. ಅದೇ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಕಡ್ಲೆಪುರಿ, ಮೇಲೊಂದು ಹೂ.

ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದುಕೊಂಡೆ. ತಿನ್ನಲಿಲ್ಲ.