ಬಸವನಹುಳುವಿನ ಕೊನೆಯ ಪುಟ

ನಮ್ಮ ಮನೆಯ ಕಂಪ್ಯೂಟರಿನ ಪರದೆಯನ್ನು ಊಟದ ಹೊತ್ತಿಗೆ ಕನ್ನಡಿಯಷ್ಟು ನಿಚ್ಚಳ ಮಾಡಿಬಿಡುತ್ತೇನೆಂದು ಅಂದು ಬೆಳಿಗ್ಗೆ ನಾನು ಪಣ ತೊಟ್ಟೆ. ಪಣ ತೊಡುವ ಅರ್ಹತೆ ನನಗಿತ್ತು. ಆ ಯಂತ್ರಕ್ಕೆ ಲಿನಕ್ಸ್ ತಂತ್ರಾಂಶ ಹಾಕಿದ ಮಹಾಪುರುಷ ನಾನೇ. ಅದಕ್ಕಿಂತ ಹೆಚ್ಚಾಗಿ, ನನ್ನದು ಹದ್ದಿನ ಕಣ್ಣು. ಮನೆಮನೆಯ ವಿದ್ಯುತ್ ಮೀಟರ್ ಓದುವುದು ನನ್ನ ಉದ್ಯೋಗ. ನಾಯಿ ಇರುವ ಮನೆಯಾದರೆ ಗೇಟಿನಾಚೆ ನಿಂತೇ ಅಂಕಿ ಹೇಳಿಬಿಡುತ್ತೇನೆ. ನನ್ನ ವಯಸ್ಸಿನವರೆಲ್ಲ ಜೇಬಿನಲ್ಲಿ ಕನ್ನಡಕ ತಡಕಾಡುವಾಗ ನಾನೊಬ್ಬನೇ ಬರಿಗಣ್ಣಿನ ಸರದಾರ!

ನನ್ನವಳು ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಮಾಡಿದ್ದಳು. ಬಾಡಿಗೆ ಮನೆ ಹುಡುಕಿಕೊಂಡು ಹೊರಟ ಬಸವನಹುಳುವಿನ ಕಥೆ. ಅವಳ ಮೊದಲ ಪುಸ್ತಕ. ಅಂದು ಸಂಜೆ ನಾಲ್ಕಕ್ಕೆ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ತಪ್ಪಿದರೆ ಆ ಸರದಿ ಬೇರೆಯವರಿಗೆ. ತಪ್ಪು ಹಿಡಿಯುವುದಕ್ಕೆ ನಮ್ಮಲ್ಲೊಂದು ಪದ್ಧತಿ: ನಾನು ಪರದೆ ನೋಡುತ್ತ ಗಟ್ಟಿಯಾಗಿ ಓದುವುದು, ಅವಳು ತನ್ನ ಕೈಬರಹದ ಪ್ರತಿಯ ಮೇಲೆ ಬೆರಳಾಡಿಸುತ್ತ ಕೇಳುವುದು. ಹೀಗೆ ಓದಿ ಓದಿ ಇನ್ನು ಒಂದೇ ಪುಟ ಉಳಿದಿತ್ತು.

ಆಗ ನನ್ನ ಹದ್ದಿನ ಕಣ್ಣಿಗೆ ಬಿತ್ತು.

“ಏನೇ ಇದು, ಅಕ್ಷರಗಳೆಲ್ಲ ಊದ್ಕೊಂಡಿವೆ, ಅಂಚೆಲ್ಲ ಮಸುಕು. ಇದು ರೆಸಲ್ಯೂಷನ್ ಸಮಸ್ಯೆ.”

“ಇರ್ಲಿ ಬಿಡ್ರೀ. ಇರೋದೊಂದು ಪುಟ, ಓದಿ ಮುಗಿಸೋಣ.”

“ಇಂಥ ಪರದೇಲಿ ಕೊನೇ ಪುಟ ಓದೋದಾ? ಅವಮಾನ.”

“ಯಾರಿಗೆ?”

“ಬಸವನಹುಳುಗೆ.”

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದಳು. “ಏನಾದ್ರೂ ಮಾಡ್ಕೊಳ್ಳಿ. ನಾಲ್ಕು ಗಂಟೆಗೆ ನನ್ನ ಪುಟ ನನಗೆ ಸಿಗಬೇಕು, ಅಷ್ಟೇ,” ಎಂದು ಅಡುಗೆಮನೆಗೆ ಹೋದಳು.

ಸೆಟ್ಟಿಂಗ್ಸ್ ತೆರೆದು ಮೌಸಿನಿಂದ ಒತ್ತಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ಲಿನಕ್ಸ್ ವೀರನಿಗೆ ಮೌಸೆಂದರೆ ಮರ್ಯಾದೆ ಪ್ರಶ್ನೆ. ಆದೇಶಗಳನ್ನು ಅಕ್ಷರದಲ್ಲೇ ಬರೆಯುವ ಕಪ್ಪು ಟರ್ಮಿನಲ್ ತೆರೆದೆ. ಫೋನಿನಲ್ಲಿ ಸಿಕ್ಕಿದ ಒಂದು ಆದೇಶವನ್ನು, ಫೋನನ್ನು ತೋಳುದ್ದ ದೂರ ಹಿಡಿದು ನೋಡಿಕೊಂಡು ಬೆರಳಚ್ಚಿಸಿದೆ. ಅದು ಶಾಶ್ವತವಾಗಿ ಉಳಿಯಲೆಂದು, ಯಂತ್ರ ಶುರುವಾದಾಗಲೆಲ್ಲ ತಾನಾಗಿ ನಡೆಯುವ ಫೈಲಿನಲ್ಲೂ ಬರೆದಿಟ್ಟೆ. ಆಮೇಲೆ ಜಂಬದಿಂದ ಎಂಟರ್ ಒತ್ತಿದೆ.

ತನ್ನ ಮಿತಿ ಮೀರಿದೆ ಎನ್ನುವ ಅರ್ಥದ ಒಂದು ಸಾಲನ್ನು ಪರದೆ ತೋರಿಸಿತು. ಆಮೇಲೆ ಅದೂ ಇಲ್ಲ. ಪೂರ್ತಿ ಕತ್ತಲೆ. ಆರಿಸಿ ಮತ್ತೆ ಹಚ್ಚಿದೆ. ಕತ್ತಲೆ. ನಾನೇ ಶಾಶ್ವತ ಮಾಡಿಟ್ಟಿದ್ದೆನಲ್ಲ. ಪರದೆಯ ಬೆನ್ನು ತಟ್ಟಿದೆ, ವೈರು ಕಿತ್ತು ಊದಿದೆ, ಕೊನೆಗೆ ಮೆತ್ತಗೆ ಕೈ ಮುಗಿದೆ. ಯಾವುದಕ್ಕೂ ಅದು ಜಗ್ಗಲಿಲ್ಲ.

ಊಟದ ಹೊತ್ತು ಮೀರಿತು. ಮೂರೂವರೆಗೆ ಪ್ರೆಸ್ಸಿನಿಂದ ಫೋನ್ ಬಂತು. “ಕಳಿಸ್ತಾ ಇದೀನಿ ಸಾರ್, ಒಂದ್ ಸ್ವಲ್ಪ,” ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿ, ಬಂದು ನನ್ನ ಪಕ್ಕದಲ್ಲಿ ನಿಂತಳು. ಬೈಯಲಿಲ್ಲ.

“ಎರಡು ವರ್ಷ ಆಯ್ತು ರೀ ಆ ಹುಳೂಗೆ,” ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. “ತಪ್ಪಾಯ್ತು ಕಣೆ,” ಎಂದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಇಲ್ಲಿ ಅರವತ್ತು ಅಂತಿದೆ. ನೀವೇನು ಹಾಕಿದ್ರಿ?”

“ಎಂಬತ್ತು.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಗೇಟಿನಾಚೆ ನಿಂತು ಓದಿದ ಮೀಟರುಗಳೆಲ್ಲ ಒಂದೊಂದಾಗಿ ನೆನಪಾದವು.

ಚಿತ್ರವಿಲ್ಲದೆ ಬರಿಯ ಅಕ್ಷರಗಳಿಂದ ಯಂತ್ರದೊಳಗೆ ಹೋಗುವ ಹಿಂಬಾಗಿಲೊಂದಿದೆ ಎಂದು ಫೋನು ತಿಳಿಸಿತು. ಅವಳು ಅಕ್ಷರ ಅಕ್ಷರ ಬಿಡಿಸಿ ಓದಿದಳು, ನಾನು ಶಾಲೆಯ ಹುಡುಗನ ಹಾಗೆ ಒತ್ತಿದೆ. ನನ್ನ ಶಾಶ್ವತ ಆದೇಶವನ್ನು ಅಳಿಸಿದೆ. ಯಾತಕ್ಕೂ ಇರಲೆಂದು ಪರದೆಯ ಹಳೆಯ ಸೆಟ್ಟಿಂಗನ್ನೂ ಅಳಿಸಿ ಯಂತ್ರವನ್ನು ಹೊಸದಾಗಿ ಹಚ್ಚಿದೆ.

ಪರದೆ ಬೆಳಗಿತು. ಏನು ಕಾಂತಿ, ಏನು ಸ್ಪಷ್ಟತೆ! ಬಸವನಹುಳುವಿನ ಕೊಂಬು ಕೂದಲೆಳೆಯಷ್ಟು ಸಣ್ಣಗೆ ಕಂಡಿತು. ಹೋದ ಜಂಬವೂ ವಾಪಸು ಬಂತು.

“ನೋಡಿದ್ಯಾ? ನಾನು ಹೇಳಿರ್ಲಿಲ್ವಾ?”

“ಹೇಳಿದ್ರಿ. ಈಗ ಬೇಗ ಕೊನೇ ಪುಟ ಓದಿ.” ಅವಳು ಕೈಬರಹದ ಹಾಳೆ ಹಿಡಿದು, ಯಾಕೋ ಸೆರಗು ಸರಿಮಾಡಿಕೊಂಡು ಕುಳಿತಳು.

ಪುಟ ತೆರೆದೆ. ನಡುವೆ ಎರಡು ಸಾಲಿನಷ್ಟು ಸಾಸಿವೆ ಚೆಲ್ಲಿತ್ತು. ಮುಂದೆ ಬಾಗಿದೆ, ಹಿಂದೆ ಸರಿದೆ, ಒಂದು ಕಣ್ಣು ಮುಚ್ಚಿದೆ. ಕೊನೇ ಪುಟದಲ್ಲಿ ಇನ್ನೇನಿರುತ್ತದೆ? ಧೈರ್ಯವಾಗಿ ಓದಿದೆ: “ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ.”

ಅವಳ ಬೆರಳು ಹಾಳೆಯ ಮೇಲೇ ನಿಂತಿತು.

“ಅಷ್ಟೇನಾ?” ಎಂದಳು.

“ಅಷ್ಟೇ.”

ತಿರುಗಿ ನೋಡಿದರೆ ಅವಳ ಮುಖ ಬಾಡಿತ್ತು. ಮರುಕ್ಷಣ ಏನೋ ಹೊಳೆದವಳಂತೆ ನಗತೊಡಗಿದಳು. ನಗುತ್ತಲೇ ತನ್ನ ಕನ್ನಡಕ ತೆಗೆದು ನನ್ನ ಮೂಗಿನ ಮೇಲೆ ಕೂರಿಸಿದಳು.

“ಪರದೆ ಕೆಟ್ಟಿರ್ಲಿಲ್ಲ ರೀ. ಅಕ್ಷರ ದೊಡ್ಡದು ಮಾಡಿದ್ದು ನಾನೇ. ಹೋದ ವರ್ಷದಿಂದ ಓದೋವಾಗ ಕುರ್ಚಿ ಹಿಂದೆ ಹಿಂದೆ ಸರಿಸ್ತಾ ಬಂದ್ರಿ. ಹಿಂಗೇ ಬಿಟ್ರೆ ಒಂದಿನ ಹಿಂದಿನ ಗೋಡೆ ಒಳಗೇ ಹೋಗ್ಬಿಡ್ತೀರಿ ಅನ್ನಿಸ್ತು.”

“ಬಾಯಿಬಿಟ್ಟು ಹೇಳಬಾರದಿತ್ತಾ?”

“ಹದ್ದಿಗೆ ಯಾರು ಹೇಳ್ತಾರೆ?”

ನಾನು ಪರದೆಯ ಕಡೆ ತಿರುಗಿದೆ. ಸಾಸಿವೆಯೆಲ್ಲ ಅಕ್ಷರವಾಗಿತ್ತು. ಗಟ್ಟಿಯಾಗಿ ಓದಿದೆ: “ಕನ್ನಡಕ ಬೇಡವೆನ್ನುವ ನನ್ನ ಮೊದಲ ಓದುಗರಿಗೆ. ನಾನು ಬರೆದದ್ದು ಕಥೆಯೆಂದು ನನಗೆ ಗೊತ್ತಾದದ್ದೇ...”

ಮುಂದೆ ಓದಲಾಗಲಿಲ್ಲ. ಕನ್ನಡಕ ತೆಗೆದು ಅಂಗಿಯಿಂದ ಒರೆಸಿ ಮತ್ತೆ ಹಾಕಿಕೊಂಡೆ. ಪ್ರಯೋಜನವಾಗಲಿಲ್ಲ.

ಹಾಳೆಯ ಮೇಲೆ ಬೆರಳಿಟ್ಟುಕೊಂಡು ಆ ಸಾಲನ್ನು ಅವಳೇ ಮುಗಿಸಿದಳು: “...ಅವರ ದನಿಯಲ್ಲಿ ಕೇಳಿದಾಗ.” ಆಮೇಲೆ ನನ್ನ ಭುಜದ ಮೇಲಿಂದ ಕೈಚಾಚಿ ಪುಸ್ತಕವನ್ನು ಪ್ರೆಸ್ಸಿಗೆ ಕಳಿಸಿದಳು. ನಾಲ್ಕಾಗಲು ಇನ್ನೂ ಸ್ವಲ್ಪ ಹೊತ್ತಿತ್ತು.

“ಪರದೆ ಮತ್ತೆ ಮಸುಕಾಯ್ತು ಕಣೆ,” ಎಂದೆ.

“ಇದನ್ನ ಮಾತ್ರ ಸರಿಮಾಡಕ್ಕೆ ಹೋಗ್ಬೇಡಿ,” ಎಂದಳು.