ಬಚ್ಚಿಟ್ಟ ಬಗ್

ಕದಿರೇಶ್: ಅಂದ್ರೆ ನಿನ್ನ ಪದ್ಧತಿ ಏನ್ಲಾ? ಕಣ್ಮುಚ್ಕೊಂಡು ಕಲ್ಲು ಬೀಸೋದು, ಅಷ್ಟೇ ತಾನೆ?

ಲಿಯಾಖತ್: ಸಾವಿರ ಕಲ್ಲು ಬೀಸ್ತೀನಿ ಕಣೋ. ನೀನು ನಾಲ್ಕು ಹೊಡೆದು, ಮರದಲ್ಲಿ ಕಾಯೇ ಇಲ್ಲ ಅಂತೀಯ.

ಕೋಲಾರದ ಒಂದು ಪುಟ್ಟ ಸಾಫ್ಟ್‌ವೇರ್ ಕಚೇರಿ. ಕ್ರೇಟು ಎಷ್ಟೆಂದು ಒತ್ತಿದರೆ ಟೊಮೇಟೊ ಬೆಲೆ ಲೆಕ್ಕಹಾಕುವ ಆ್ಯಪ್ ನಾಳೆ ಮಂಡಿಗೆ ಹೋಗಬೇಕು. ಸದ್ಯಕ್ಕೆ ಅದು ಇಬ್ಬರು ಪರೀಕ್ಷಕರ ಮಂಡೆಗೆ ಏರಿದೆ. ಕದಿರೇಶ್ ಸೊನ್ನೆ, ಒಂದು, ನೂರು, ಸಾವಿರ ಎಂದು ಗುಂಪಿಗೊಂದು ಸಂಖ್ಯೆ ಆರಿಸಿ ಕೊಟ್ಟು ನೋಡುವವನು. ಲಿಯಾಖತ್ ಕೈಗೆ ಸಿಕ್ಕಿದ ಸಂಖ್ಯೆಗಳನ್ನೆಲ್ಲ ಎರಚುವವನು. ಯಾರ ಪದ್ಧತಿ ಮೇಲೋ ಅವರೇ ವಿಭಾಗದ ಮುಖ್ಯಸ್ಥರು ಎಂದು ಒಡತಿ ಸುನಂದ ಸಾರಿದ್ದರು. ಹಿಂದೆ ಗಣಿತ ಪಾಠ ಮಾಡಿದ್ದವರು. ‘ಮೇಲು’ ಎಂದರೇನೆಂದೂ ಹೇಳದೆ ಬಿಡಲಿಲ್ಲ.

ಸುನಂದ: ಅವನ ಪದ್ಧತಿಗೆ ಸಿಗೋ ಬಗ್‌ಗಳೆಲ್ಲ ನಿನ್ನ ಪದ್ಧತಿಗೂ ಸಿಕ್ಕಿ, ಇನ್ನೊಂದು ಜಾಸ್ತಿ ಸಿಕ್ರೆ ಮಾತ್ರ ನಿನ್ನದು ಮೇಲು.

ತೊಂದರೆಯೆಂದರೆ, ಆ್ಯಪಿನಲ್ಲಿ ಬಗ್ ಅನ್ನೋ ದೋಷವೇ ಇರಲಿಲ್ಲ. ಒಬ್ಬ ಬಚ್ಚಿಡುವುದು, ಇನ್ನೊಬ್ಬ ಹುಡುಕುವುದು ಎಂದು ತೀರ್ಮಾನವಾಯಿತು. ಊಟಕ್ಕೆ ಮುಂಚೆ ಇಬ್ಬರೂ ಒಂದೊಂದು ಬಚ್ಚಿಟ್ಟರು. ಸಂಜೆಯಾದರೂ ಇಬ್ಬರಿಗೂ ಏನೂ ಸಿಗಲಿಲ್ಲ.

ಸುನಂದ: ಬೆಳಿಗ್ಗೆ ನೆಟ್ಟಗಿದ್ದ ಆ್ಯಪನ್ನ ಟೆಸ್ಟ್ ಮಾಡಿ ಮಾಡಿ ಕೆಡಿಸಿದ್ದೀರ. ಎಲ್ಲಿಟ್ರಿ, ಹೇಳಿ.

ಕದಿರೇಶ್: ಮೊದಲು ಅವನು ಹೇಳ್ಲಿ ಮೇಡಂ.

ಲಿಯಾಖತ್: ಮೊದಲು ಬಾಯಿಬಿಟ್ಟೋನು ಸೋತಂಗೆ. ನಾನಂತೂ ಹೇಳಲ್ಲ.

ಲಿಯಾಖತನ ತಂದೆ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಸುನಂದ ಅವನ ಊಟದ ಡಬ್ಬಿಗೆ ಸುತ್ತಿದ್ದ ಟವಲನ್ನೇ ಬಿಚ್ಚಿ ಇಬ್ಬರ ಕೈಮೇಲೂ ಹೊದಿಸಿ, ಯಾವ ಸಂಖ್ಯೆಗೆ ಬಗ್ ಇಟ್ಟಿರೋ ಬೆರಳಲ್ಲಿ ಒಟ್ಟಿಗೇ ಹೇಳಿ ಎಂದರು.

ಕದಿರೇಶ್: ಏಳು ಬೆರಳು. ಏಮಿರಾ, ಏಳು ಕ್ರೇಟಿಗಾ?

ಲಿಯಾಖತ್: ಏಳರಲ್ಲಿ ಮುಗಿಯೋ ಸಂಖ್ಯೆಗೆಲ್ಲ. ನಿನ್ನ ನಾಲ್ಕು ಕಲ್ಲಲ್ಲಿ ಒಂದೂ ತಾಗಲ್ಲ. ಮೇಡಂ, ಇವನದು ಮೋಸ. ಒಂದು ಬೆರಳೂ ಬಿಚ್ಚಿಲ್ಲ, ಮುಷ್ಟಿ ಹಿಡ್ಕೊಂಡು ಕೂತವ್ನೆ.

ಕದಿರೇಶ್: ಅದೇ ಕಣೋ ಸೊನ್ನೆ. ಕ್ರೇಟೇ ಬರದಿದ್ರೂ ಬಿಲ್ಲು ಬರುತ್ತೆ. ನಿನ್ನ ಸಾವಿರ ಕಲ್ಲೂ ಅಲ್ಲಿಗೆ ಬೀಳಲಿಲ್ಲ.

ಸುನಂದ: ಸರಿ. ಇವನಿಗೆ ಸಿಗೋದು ಅವನಿಗಿಲ್ಲ, ಅವನಿಗೆ ಸಿಗೋದು ಇವನಿಗಿಲ್ಲ. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ಇಬ್ಬರೂ ಸಪ್ಪೆ ಮುಖ ಮಾಡಿಕೊಂಡು ತಮ್ಮ ತಮ್ಮ ಬಗ್ ತೆಗೆದರು. ಲಿಯಾಖತ್ ಟವಲು ಮಡಚತೊಡಗಿದ.

ಸುನಂದ: ಮಡಚಬೇಡಪ್ಪ. ನಿಮ್ಮಿಬ್ಬರನ್ನೂ ಅಳೆಯೋಣ ಅಂತ ನಾನೂ ಒಂದು ಬಚ್ಚಿಟ್ಟಿದ್ದೆ.

ಇಬ್ಬರೂ ಟವಲಿನ ಕೆಳಗೆ ಕೈ ಚಾಚಿದರು.

ಕದಿರೇಶ್: ಎಲ್ಲಿ ಮೇಡಂ?

ಸುನಂದ: ಅದೇ ಮರ್ತೋಗಿದೆ. ಹುಡುಕಿ ಕೊಟ್ಟೋನೇ ಮುಖ್ಯಸ್ಥ.