ಜ್ವರದ ಅಂಕಪಟ್ಟಿ

ಬೆಳಗ್ಗೆ ಹೆಂಡತಿ ಕೇಳಿದ್ದು ಇಷ್ಟೇ: "ಪಾತ್ರೆ ತೊಳೀತೀರಾ?"

ಚೀಟಪ್ಪ ಅಂದದ್ದೂ ಇಷ್ಟೇ: "ಜ್ವರದ ಸುಸ್ತು ಇನ್ನೂ ಹೋಗಿಲ್ಲ ಕಣೇ."

ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಲ್ಯಾಬಿನಲ್ಲಿ ರಕ್ತದ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸ, ಹಾಗಾಗಿ ಚೀಟಪ್ಪ. ಹೋದ ತಿಂಗಳು ಊರಿಗೆಲ್ಲ ಹಬ್ಬಿದ ವೈರಸ್ ಜ್ವರ ಗಂಡಹೆಂಡಿರಿಬ್ಬರಿಗೂ ಬಂದಿತ್ತು. ಅವನು ಹತ್ತು ದಿನ ಹಿಂಡಿ ಬಿಸಾಕಿದ ಬಟ್ಟೆಯ ಹಾಗೆ ಬಿದ್ದುಕೊಂಡಿದ್ದ. ಅವಳು ಮೂಗು ಒರೆಸಿಕೊಳ್ಳುತ್ತಲೇ ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅವನ ಹಣೆಗೆ ಒದ್ದೆ ಬಟ್ಟೆಯನ್ನೂ ಹಾಕಿದ್ದಳು.

"ನನಗೂ ಅದೇ ಜ್ವರ ತಾನೇ ಬಂದಿದ್ದು?"

"ನಂದು ಜೋರು."

ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿಗೆ ಇಷ್ಟು ಸಾಕಾಯಿತು. "ನಮ್ಮನೆಯವರೂ ಹೀಗೇ ಕಣಮ್ಮ. ಎರಡು ಸೀನು ಬಂದ್ರೆ ಉಯಿಲು ಬರೆಸೋಕೆ ಹೊರಡೋರು!"

ಹೆಂಡತಿ ಒಲೆ ಆರಿಸಿದಳು. "ಜೋರಾಗಿ ಕಾಯಿಲೆ ಬಿದ್ದೋರ ರಕ್ತದಲ್ಲಿ ರೋಗದ ಜೊತೆ ಹೋರಾಡೋ ಪ್ರತಿಕಾಯ ಜಾಸ್ತಿ ಇರುತ್ತೆ ಅಂತ ನೀವೇ ಹೇಳ್ತಿದ್ರಲ್ಲ? ನಡೀರಿ ಲ್ಯಾಬಿಗೆ. ಯಾರದು ಜಾಸ್ತಿ ಬರುತ್ತೋ ಅವರಿಗೆ ಅಡುಗೆಮನೆಯಿಂದ ಒಂದು ತಿಂಗಳು ರಜೆ. ಇನ್ನೊಬ್ಬರು ಎಲ್ಲಾ ಮಾಡ್ಬೇಕು."

ಲ್ಯಾಬಿನ ಡಾಕ್ಟರು, "ಸಾಮಾನ್ಯವಾಗಿ ಹಾಗೇಮ್ಮ, ಎಲ್ಲರಲ್ಲೂ ಅಲ್ಲ" ಎಂದರು. ಎರಡನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಕ್ತ ತೆಗೆಯುವ ನರ್ಸಮ್ಮ ನಕ್ಕಳು. "ಸೂಜಿ ನೋಡಿ ಕಣ್ಣು ಮುಚ್ಕೋತೀರಲ್ಲ ಚೀಟಪ್ಪ! ನಿಮ್ಮದು ಮೂರು ದಿನ ಜ್ವರ, ಏಳು ದಿನ ನಾಟಕ ಬಿಡಿ."

ಎಲ್ಲರೂ ಗೊಳ್ಳೆಂದರು. ಚೀಟಪ್ಪನಿಗೆ ತನ್ನ ಮೇಲೇ ಅನುಮಾನ ಶುರುವಾಯಿತು. ಆರನೇ ದಿನ ದಿಂಬಿಗೊರಗಿ ಪೂರ್ತಿ ಕ್ರಿಕೆಟ್ ನೋಡಿದ್ದೆನಲ್ಲ? ಎಂಟನೇ ದಿನ ಎರಡು ಸಲ ಉಂಡಿದ್ದೆನಲ್ಲ? ಹೊರಗೆ ಬೆಂಚಿನ ಮೇಲೆ ಹೆಂಡತಿ ಕೆಮ್ಮಿದಳು. ಆ ಕೆಮ್ಮಿನಲ್ಲೇ ನೂರು ಪ್ರತಿಕಾಯ ಇದ್ದ ಹಾಗೆ ಅವನಿಗೆ ಕೇಳಿಸಿತು.

ಮೇಜಿನ ಮೇಲೆ ಎಡಕ್ಕೆ ಅವನ ಕೊಳವೆ, ಬಲಕ್ಕೆ ಅವಳದು. ಕೈಯಲ್ಲಿ ಎರಡು ಚೀಟಿ. ಇಪ್ಪತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ತಪ್ಪಾಗಿ ಅಂಟಿಸದ ಕೈ, ಅವನ ಚೀಟಿಯನ್ನು ಬಲಕ್ಕೂ ಅವಳದನ್ನು ಎಡಕ್ಕೂ ಅಂಟಿಸಿ, ಏನೂ ಆಗದ ಹಾಗೆ ಜೇಬಿಗಿಳಿಯಿತು.

ಸಂಜೆ ಡಾಕ್ಟರು ಗಟ್ಟಿಯಾಗಿ ಓದಿದರು. "ಚೀಟಪ್ಪ, ಹನ್ನೊಂದು. ನಿಮ್ಮ ಮನೆಯವರು... ಆರುನೂರ ನಲವತ್ತು!"

ಚೀಟಪ್ಪ ಮನಸ್ಸಿನಲ್ಲೇ ಚೀಟಿಗಳನ್ನು ಮತ್ತೆ ಅದಲುಬದಲು ಮಾಡಿ ನೋಡಿದ. ಆರುನೂರ ನಲವತ್ತು ಅವನದು! ಹತ್ತು ದಿನವೂ ನಿಜವಾಗಿಯೇ ನರಳಿದ್ದ!

"ಸಾರ್, ಅದು..."

"ಯಾಕೆ, ಚೀಟಿ ಏನಾದ್ರೂ ಅದಲುಬದಲಾಗಿದೆಯಾ?" ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಹಾಗೆ ಮಾಡಿದೋರನ್ನ ಮಾರನೇ ದಿನ ಬಾಗಿಲೊಳಗೆ ಬಿಡಲ್ಲ ನಾನು."

"ಛೆ ಛೆ. ಸರಿಯಾಗಿದೆ ಸಾರ್."

ಮನೆಯಲ್ಲಿ ಹೆಂಡತಿ ಹಾಸಿಗೆಗೆ ಒರಗಿದಳು. "ಅಯ್ಯೋ, ನನಗೆ ಇಷ್ಟೊಂದು ಜೋರಾಗಿ ಬಂದಿತ್ತಾ! ಗೊತ್ತೇ ಆಗ್ಲಿಲ್ಲ ನೋಡಿ."

ಅಜ್ಜಿ ಅವಳ ತಲೆ ನೇವರಿಸುತ್ತ ಪಕ್ಕದಲ್ಲೇ ಕೂತರು. ಚೀಟಪ್ಪ ಪಾತ್ರೆಗಳ ಗುಡ್ಡದ ಮುಂದೆ ನಿಂತ. ಮೂರನೆಯ ತಟ್ಟೆಗೇ ಮೊಣಕಾಲು ಕುಸಿಯತೊಡಗಿತು.

"ಕಾಲು ನಡುಗ್ತಿದೆ ಕಣೇ!" ಎಂದು ಕೂಗಿದ.

ಒಳಗಿನಿಂದ ಹೆಂಡತಿಯ ದನಿ ಬಂತು: "ಸುಮ್ನೆ ತೊಳೀರಿ. ಹನ್ನೊಂದಕ್ಕೆಲ್ಲ ಕಾಲು ನಡುಗಲ್ಲ."